ಒಂದು ಎಣ್ಣೆ ಡ್ರಮ್ಮಿನ ಭೂಗೋಳ

(ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಬಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಆಡಿದ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟ್ರಿನಿಡಾಡಿಗೂ ನಮಗೂ ಏನು ಸಂಬಂಧ ಅಂತ ಆಗಲೇ ಹೊರಗೆ ಕಾಫಿ ಕುಡಿಯುವಾಗ ಒಬ್ಬರು ಕೇಳಿದರು. ಡೆಂಗಿ, ಮಲೇರಿಯಾ ಸುದ್ದಿ ಬಂದಾಗ ಆರೋಗ್ಯ ಇಲಾಖೆಯವರು ಬಾವಿಗೂ ತೊಟ್ಟಿಗೂ ಒಂದು ಸಣ್ಣ ಮೀನು ಬಿಡುತ್ತಾರಲ್ಲ, ಸೊಳ್ಳೆಮರಿ ತಿನ್ನಲಿ ಅಂತ? ಗಪ್ಪಿ ಮೀನು. ಆ ಹೆಸರು ಬಂದದ್ದು ಟ್ರಿನಿಡಾಡಿನಿಂದ. ಅಲ್ಲಿದ್ದ ರಾಬರ್ಟ್ ಜಾನ್ ಲೆಕ್ಮಿಯರ್ ಗಪ್ಪಿ ಅನ್ನುವವರು 1866ರಲ್ಲಿ ಈ ಮೀನನ್ನು ಹಿಡಿದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದರು. ಅಷ್ಟರಲ್ಲಿ ಬೇರೆಯವರು ಇದೇ ಮೀನಿಗೆ ಬೇರೆ ಹೆಸರಿಟ್ಟಾಗಿತ್ತು, ಶಾಸ್ತ್ರದ ಪುಸ್ತಕದಲ್ಲಿ ಗಪ್ಪಿಯವರ ಹೆಸರು ನಿಲ್ಲಲಿಲ್ಲ. ಜನರ ಬಾಯಲ್ಲಿ ನಿಂತಿತು. ಹಾಗಾಗಿ ಇಲ್ಲಿ ಕೂತವರಲ್ಲಿ ಹಲವರ ಮನೆಯ ತೊಟ್ಟಿಯಲ್ಲೇ ಟ್ರಿನಿಡಾಡಿನ ನೆಂಟರಿದ್ದಾರೆ.

ನಾನು ಅಲ್ಲಿಗೆ ಹೋದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವನು. ನಮ್ಮ ಪಾಠಕ್ಕೆ ಒಂದು ಕ್ರಮ ಇತ್ತು. ಸ್ಥಾನ, ವಿಸ್ತೀರ್ಣ, ಮೇಲ್ಮೈ ಲಕ್ಷಣ, ವಾಯುಗುಣ, ಬೆಳೆ, ಖನಿಜ, ಕೈಗಾರಿಕೆ, ಎಲ್ಲ ಮುಗಿದ ಮೇಲೆ ‘ಜನಜೀವನ’. ಆ ಪಾಠ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತಿತ್ತು. ಈ ದೇಶದ ವಿಷಯದಲ್ಲಿ ಆ ಕ್ರಮ ಕೆಲಸಕ್ಕೆ ಬರುವುದಿಲ್ಲ. ಅಲ್ಲಿನ ಖನಿಜದ ಪಾಠ ಮಾಡಲು ಹೊರಟರೆ ಸಂಗೀತಕ್ಕೆ ಬಂದು ನಿಲ್ಲುತ್ತೇವೆ, ಕಬ್ಬಿನ ಪಾಠ ಮಾಡಿದರೆ ಹಬ್ಬಕ್ಕೆ. ಅದಕ್ಕೇ ಇವತ್ತು ಕ್ರಮ ಬಿಟ್ಟು ಒಂದು ಎಣ್ಣೆ ಡ್ರಮ್ಮಿನ ಹಿಂದೆ ಹೋಗುತ್ತೇನೆ.

ಆದರೂ ಹಳೇ ಚಟ, ನಕ್ಷೆ ಇಲ್ಲದೆ ಆಗುವುದಿಲ್ಲ. ದಕ್ಷಿಣ ಅಮೆರಿಕದ ವೆನೆಜುವೆಲಾ ನೋಡಿ. ಅದರ ಈಶಾನ್ಯ ಮೂಲೆಯಿಂದ ಚೂರು ಮುರಿದು ಬಿದ್ದ ಹಾಗೆ ಕಾಣುವುದೇ ಟ್ರಿನಿಡಾಡ್. ನೋಡಲು ಹಾಗೆ ಅಂತ ಅಲ್ಲ, ನಿಜಕ್ಕೂ ಮುರಿದ ಚೂರೇ. ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಇದು ಖಂಡಕ್ಕೇ ಅಂಟಿಕೊಂಡಿತ್ತು. ಈಗಲೂ ನಡುವೆ ಇರುವುದು ಹತ್ತಿರದ ಜಾಗದಲ್ಲಿ ಬರೀ 11 ಕಿಲೋಮೀಟರ್ ನೀರು. ಕೆರಿಬಿಯನ್ನಿನ ಮಿಕ್ಕ ದ್ವೀಪಗಳಲ್ಲಿ ಹೆಚ್ಚಿನವು ಜ್ವಾಲಾಮುಖಿಯಿಂದಲೋ ಹವಳದಿಂದಲೋ ಹುಟ್ಟಿದವು. ಇಲ್ಲಿ ಖಂಡದ ಕಾಡು, ಖಂಡದ ಪ್ರಾಣಿ. ಕೂಗುಕೋತಿ ಇದೆ, ನರೀವಾ ಜೌಗಿನಲ್ಲಿ ಅನಕೊಂಡಾ ಇದೆ. ಒರಿನೋಕೊ ನದಿ ಎದುರಿಗೇ ಬಂದು ಸಮುದ್ರ ಸೇರುವುದರಿಂದ ಸುತ್ತಲ ನೀರು ಕೆಸರು ಬಣ್ಣ. ಪ್ರವಾಸಿ ಪೋಸ್ಟರಿನ ನೀಲಿ ಸಮುದ್ರ, ಹವಳದ ದಿಬ್ಬ ಬೇಕಿದ್ದರೆ ಪಕ್ಕದ ಪುಟ್ಟ ಟೊಬೇಗೊಗೆ ಹೋಗಬೇಕು. ಎರಡೂ ಸೇರಿ ದೇಶದ ವಿಸ್ತೀರ್ಣ ಸುಮಾರು 5,130 ಚದರ ಕಿಲೋಮೀಟರ್, ನಮ್ಮ ಕೊಡಗಿಗಿಂತ ತುಸು ದೊಡ್ಡದು. ಜನ ಸುಮಾರು 14 ಲಕ್ಷ.

ಕೊಲಂಬಸ್ ತನ್ನ ಮೂರನೇ ಯಾನದಲ್ಲಿ, 1498ರ ಜುಲೈ 31ರಂದು, ಹಡಗಿನ ಕುಡಿಯುವ ನೀರು ಮುಗಿಯುತ್ತಾ ಬಂದಾಗ, ದೂರದಲ್ಲಿ ಮೂರು ಬೆಟ್ಟ ಕಂಡು, ತಂದೆ, ಮಗ, ಪವಿತ್ರಾತ್ಮ ಅನ್ನುವ ಕ್ರೈಸ್ತರ ಪವಿತ್ರ ತ್ರಯದ ಹೆಸರಿಟ್ಟ. ಟ್ರಿನಿಡಾಡ್ ಅಂದರೆ ಅದೇ. ತೆಂಕಣ ಜಲಸಂಧಿಗೆ ಹಾವಿನ ಬಾಯಿ ಅಂತಲೂ ಬಡಗಣದ್ದಕ್ಕೆ ಡ್ರ್ಯಾಗನ್ನಿನ ಬಾಯಿ ಅಂತಲೂ ಹೆಸರಾಯಿತು. ಅಲ್ಲಿನ ಸೆಳೆತ ಅವನನ್ನು ಚೆನ್ನಾಗಿ ಹೆದರಿಸಿತ್ತು ಅಂತ ಹೆಸರೇ ಹೇಳುತ್ತದೆ.

ಈಗ ನೈಋತ್ಯ ತೀರದ ಲಾ ಬ್ರೆಯಾ ಊರಿಗೆ ಬನ್ನಿ. ಅಲ್ಲೊಂದು ಕೆರೆ ಇದೆ. ನೀರಿಲ್ಲ, ಡಾಂಬರಿದೆ. ಸುಮಾರು 100 ಎಕರೆ, ನಡುವೆ 75 ಮೀಟರಿನಷ್ಟು ಆಳ. ಮೇಲೆ ನಡೆಯಬಹುದು, ಒಂದೇ ಕಡೆ ನಿಂತರೆ ಮೆಲ್ಲಗೆ ಕಾಲು ಇಳಿಯತೊಡಗುತ್ತದೆ. ಅಗೆದು ತೆಗೆದ ಹಳ್ಳ ದಿನ ಕಳೆದ ಹಾಗೆ ತಾನೇ ತುಂಬಿಕೊಳ್ಳುತ್ತದೆ. 1595ರಲ್ಲಿ ವಾಲ್ಟರ್ ರಾಲೆ ಬಂದು ತನ್ನ ಹಡಗಿನ ಸಂದುಗಳಿಗೆ ಇದನ್ನೇ ಮೆತ್ತಿಸಿಕೊಂಡು ಹೋದ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ, ಅಂದರೆ ಅಮೆರಿಕದ ಅಧ್ಯಕ್ಷರ ಮನೆ ಮುಂದಿನ ರಸ್ತೆಗೆ, ಟ್ರಿನಿಡಾಡಿನ ಡಾಂಬರು ಬಿತ್ತು. ಮೂಲನಿವಾಸಿಗಳ ಕಥೆ ಬೇರೆ. ಅಲ್ಲಿದ್ದ ಒಂದು ಬುಡಕಟ್ಟಿನವರು ಗೆದ್ದ ಖುಷಿಗೆ ಹಮ್ಮಿಂಗ್‌ಬರ್ಡ್‌ಗಳನ್ನು ಹಿಡಿದು ತಿಂದರಂತೆ. ಆ ಹಕ್ಕಿಗಳು ಪೂರ್ವಜರ ಆತ್ಮಗಳು. ದೇವರು ಸಿಟ್ಟಾಗಿ ಇಡೀ ಹಳ್ಳಿಯನ್ನು ಡಾಂಬರಿನಲ್ಲಿ ಮುಳುಗಿಸಿದನಂತೆ. ನಾನು ಭೂಗೋಳದ ಮೇಷ್ಟ್ರು, ಆದರೂ ಮಕ್ಕಳಿಗೆ ಮೊದಲು ಈ ಕಥೆಯನ್ನೇ ಹೇಳುತ್ತಿದ್ದೆ.

ಡಾಂಬರು ಮೇಲೆ ಉಕ್ಕುತ್ತಿದೆ ಅಂದರೆ ಕೆಳಗೆ ಎಣ್ಣೆ ಇದ್ದೇ ಇರಬೇಕು. 1857ರಲ್ಲೇ ಲಾ ಬ್ರೆಯಾದಲ್ಲಿ ಬಾವಿ ಕೊರೆದು ನೋಡಿದರು. ವ್ಯಾಪಾರಕ್ಕೆ ಸಾಕಾಗುವಷ್ಟು ಎಣ್ಣೆ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಆಮೇಲೆ ತೆಂಕಣ ಟ್ರಿನಿಡಾಡೆಲ್ಲ ಎಣ್ಣೆಯ ಊರುಗಳಾದವು. ಪ್ವಾಂಟ್-ಆ-ಪಿಯೇರ್‌ನಲ್ಲಿ ದೊಡ್ಡ ರಿಫೈನರಿ ಎದ್ದಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಬಂದು ಚಾಗರಾಮಸ್‌ನಲ್ಲಿ ನೌಕಾನೆಲೆ ಹೂಡಿದರು. ಎಣ್ಣೆ ಇದ್ದಲ್ಲಿ, ಸೈನ್ಯ ಇದ್ದಲ್ಲಿ, 55 ಗ್ಯಾಲನ್ನಿನ ಉಕ್ಕಿನ ಡ್ರಮ್ಮುಗಳು ರಾಶಿ ಬೀಳುತ್ತವೆ. ನಮ್ಮ ಡ್ರಮ್ಮು ಹುಟ್ಟಿದ್ದು ಹೀಗೆ.

ಅದನ್ನು ಬಡಿಯಬೇಕು ಅಂತ ಯಾರಿಗೆ ಯಾಕೆ ಅನಿಸಿತು? ಅದಕ್ಕೆ ಕಬ್ಬಿನ ಗದ್ದೆಗೆ ಹೋಗಬೇಕು.

ಟ್ರಿನಿಡಾಡ್ ಬಹಳ ಕಾಲ ಸ್ಪೇನಿನವರ ಕೈಲಿದ್ದರೂ ಅವರಿಗೆ ಅದರ ಮೇಲೆ ಅಂಥ ಆಸಕ್ತಿ ಇರಲಿಲ್ಲ. 1783ರಲ್ಲಿ, ಕ್ಯಾಥಲಿಕ್ಕರಾಗಿ ಬಂದವರಿಗೆಲ್ಲ ಜಮೀನು ಅಂತ ಸ್ಪೇನಿನ ದೊರೆ ಆಜ್ಞೆ ಹೊರಡಿಸಿದ. ಬರುವವರು ತಮ್ಮ ಜೊತೆ ಗುಲಾಮರನ್ನು ತಂದರೆ ಜಮೀನು ಇನ್ನೂ ಜಾಸ್ತಿ. ಹಾಗೆ ಬಂದವರು ಫ್ರೆಂಚ್ ತೋಟದೊಡೆಯರು. 1797ರಲ್ಲಿ ಬ್ರಿಟಿಷರು ದ್ವೀಪ ಕಿತ್ತುಕೊಂಡರು. ಹಾಗಾಗಿ ಸರ್ಕಾರ ಬ್ರಿಟಿಷ್, ಊರಿನ ಹೆಸರು ಸ್ಪ್ಯಾನಿಷ್, ಮನೆಮಾತು ಫ್ರೆಂಚ್ ಕ್ರಿಯೋಲ್, ದುಡಿಯುವವರು ಆಫ್ರಿಕದವರು. ಫ್ರೆಂಚರ ಜೊತೆ ಕಾರ್ನಿವಲ್ ಬಂತು. ಉಪವಾಸದ ನಲವತ್ತು ದಿನ ಶುರುವಾಗುವ ಮುಂಚಿನ ಸೋಮವಾರ, ಮಂಗಳವಾರದ ಮೋಜು. ಯಜಮಾನರು ವೇಷ ಕಟ್ಟಿ ಕುಣಿಯುತ್ತಿದ್ದರು. ಒಂದು ವೇಷ ಏನು ಗೊತ್ತೇ? ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಕೊಂಬು ಊದಿ, ದೊಂದಿ ಹಿಡಿದು, ಚಾಟಿ ಸದ್ದಿನಲ್ಲಿ ಗುಲಾಮರನ್ನು ಓಡಿಸುತ್ತಿದ್ದರಲ್ಲ, ಆ ಗುಲಾಮರ ವೇಷ! 1838ರಲ್ಲಿ ಪೂರ್ತಿ ಬಿಡುಗಡೆಯಾದ ಜನ ಅದೇ ಆಟವನ್ನು ಯಜಮಾನರಿಂದ ಕಸಿದುಕೊಂಡು ಬೀದಿಗೆ ತಂದರು. ಸುಟ್ಟ ಕಬ್ಬು ಅನ್ನುವ ಫ್ರೆಂಚ್ ಮಾತೇ ಸವೆದು ‘ಕ್ಯಾಂಬುಲೇ’ ಆಯಿತು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1881ರಲ್ಲಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಬೀದಿಯಲ್ಲಿ ಪೊಲೀಸರಿಗೂ ದೊಂದಿಯವರಿಗೂ ದೊಡ್ಡ ಹೊಡೆದಾಟವೇ ಆಯಿತು. ಕೆಲವೇ ವರ್ಷದಲ್ಲಿ ಡೋಲು, ದೊಂದಿ ಎಲ್ಲ ನಿಷೇಧ. ಜನ ಬಿದಿರು ಕಡಿದುಕೊಂಡು ನೆಲಕ್ಕೆ ಕುಟ್ಟತೊಡಗಿದರು. ಉದ್ದ ಬಿದಿರಿಗೆ ಒಂದು ದನಿ, ಗಿಡ್ಡದ್ದಕ್ಕೆ ಇನ್ನೊಂದು. ಇದಕ್ಕೆ ‘ಟಾಂಬೂ ಬಾಂಬೂ’ ಅಂತ ಹೆಸರು. ಬಿದಿರು ಬೇಗ ಸೀಳುತ್ತದೆ. 1930ರ ದಶಕದ ಕೊನೆಗೆ ಹುಡುಗರು ಬಿಸ್ಕತ್ತಿನ ಟಿನ್ನು, ಕಸದ ಡಬ್ಬಿ, ಮೋಟಾರಿನ ಬ್ರೇಕ್ ಡ್ರಮ್ಮು, ಸಿಕ್ಕಿದ್ದೆಲ್ಲ ಬಡಿಯುತ್ತಿದ್ದರು. ಬಡಿದು ಬಡಿದು ತಗಡು ಉಬ್ಬಿದ ಕಡೆ ದನಿ ಬೇರೆ ಬರುತ್ತದೆ ಅಂತ ಯಾರಿಗೋ ಹೊಳೆಯಿತು. ವಿನ್‌ಸ್ಟನ್ ‘ಸ್ಪ್ರೀ’ ಸೈಮನ್, ಎಲೀ ಮ್ಯಾನೆಟ್, ಆಂಟನಿ ವಿಲಿಯಮ್ಸ್, ಈ ಮೂವರ ಹೆಸರು ಅಲ್ಲಿ ಗೌರವದಿಂದ ಹೇಳುತ್ತಾರೆ. ಯುದ್ಧದ ಕಾಲದಲ್ಲಿ ಕಾರ್ನಿವಲ್ಲಿಗೂ ತಡೆ ಇತ್ತು. 1945ರಲ್ಲಿ ಯುದ್ಧ ಮುಗಿದ ದಿನ ಇವರೆಲ್ಲ ಒಟ್ಟಿಗೆ ಬೀದಿಗಿಳಿದರು. ಮುಂದಿನ ವರ್ಷಗಳಲ್ಲಿ ಟಿನ್ನು ಹೋಗಿ ಎಣ್ಣೆ ಡ್ರಮ್ಮು ಬಂತು. ಸ್ಟೀಲ್ ಪ್ಯಾನ್ ಅಂದರೆ ಇದೇ. ಅವರು ಬರೀ ‘ಪ್ಯಾನ್’ ಅನ್ನುತ್ತಾರೆ.

ಇದನ್ನೆಲ್ಲ ಊರು ಕೊಂಡಾಡಿತು ಅಂದುಕೊಳ್ಳಬೇಡಿ. ಪ್ಯಾನ್ ಬಾರಿಸುವವನು ಅಂದರೆ ಪೋಲಿ ಅಂತಲೇ ಲೆಕ್ಕ. ತಂಡಗಳ ಹೆಸರು ನೋಡಿ: ಡೆಸ್ಪರಾಡೋಸ್, ಇನ್ವೇಡರ್ಸ್, ರೆನೆಗೇಡ್ಸ್. ಎದುರಾದರೆ ಕತ್ತಿ, ಬಾಟಲಿ ಹೊರಬರುತ್ತಿದ್ದವು. ಹೆತ್ತವರು ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ. 1951ರಲ್ಲಿ ಆಯ್ದ ವಾದಕರ ತಂಡವೊಂದು ಲಂಡನ್ನಿಗೆ ಹೋಗಿ ಬ್ರಿಟನ್ ಉತ್ಸವದಲ್ಲಿ ಬಾರಿಸಿತು. ಹೊರಗಿನವರು ಚಪ್ಪಾಳೆ ತಟ್ಟಿದ ಮೇಲೆ ಊರಿನವರಿಗೂ ಕಿವಿ ಬಂತು. ಆಮೇಲೆ ಎಣ್ಣೆ ಕಂಪನಿಗಳೇ ತಂಡಗಳಿಗೆ ದುಡ್ಡು ಹಾಕಿದವು, ತಂಡದ ಹೆಸರಿನ ಮುಂದೆ ಶೆಲ್, ಅಮೊಕೊ ಅಂತ ಸೇರಿಸಿಕೊಂಡವು. ಡ್ರಮ್ಮು ಮರಳಿ ತೌರಿಗೆ ಬಂದ ಹಾಗೆ. 1992ರಲ್ಲಿ ಪ್ಯಾನ್ ರಾಷ್ಟ್ರವಾದ್ಯವಾಯಿತು.

ಈವರೆಗೆ ಹೇಳಿದ್ದು ಅರ್ಧ ಟ್ರಿನಿಡಾಡು. ಉಳಿದರ್ಧ ಕಲ್ಕತ್ತೆಯಿಂದ ಹೊರಟಿತು.

ಬಿಡುಗಡೆಯಾದ ಜನ ಅದೇ ಕೂಲಿಗೆ ಅದೇ ಗದ್ದೆಯಲ್ಲಿ ಯಾಕೆ ದುಡಿದಾರು? ತೋಟದೊಡೆಯರಿಗೆ ಅಗ್ಗದ ಆಳು ಬೇಕಿತ್ತು. 1845ರ ಮೇ 30ರಂದು ‘ಫತೆಲ್ ರಜಾಕ್’ ಅನ್ನುವ ಹಡಗು ಸುಮಾರು 225 ಮಂದಿ ಭಾರತೀಯರನ್ನು ಇಳಿಸಿತು. 1917ರವರೆಗೆ ಹೀಗೆ ಬಂದವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಐದು ವರ್ಷದ ಕರಾರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಭೋಜಪುರಿ ಸೀಮೆಯವರು, ಮದರಾಸು ಬಂದರಿನಿಂದ ಬಂದವರೂ ಇದ್ದರು. ಊರುಗಳ ಹೆಸರಲ್ಲಿ ಅವರು ಸಿಗುತ್ತಾರೆ: ಫೈಜಾಬಾದ್, ಬ್ಯಾರಕ್‌ಪೋರ್, ಗೋಲ್ಕೊಂಡಾ. 2011ರ ಜನಗಣತಿಯಲ್ಲಿ ಭಾರತ ಮೂಲದವರು ನೂರಕ್ಕೆ 35, ಆಫ್ರಿಕ ಮೂಲದವರು 34, ಬೆರಕೆ ಮೂಲದವರು 23. ಭಾರತ, ಆಫ್ರಿಕ ಎರಡೂ ಕಡೆಯ ರಕ್ತ ಇರುವವರಿಗೆ ಅಲ್ಲಿ ‘ಡೌಗ್ಲಾ’ ಅನ್ನುತ್ತಾರೆ. ಭೋಜಪುರಿಯ ಒಂದು ಬೈಗುಳ ಅದು. ಈಗ ಅದನ್ನೇ ಎದೆ ಉಬ್ಬಿಸಿ ಹೇಳಿಕೊಳ್ಳುವವರೂ ಇದ್ದಾರೆ.

ಪುಸ್ತಕಗಳಲ್ಲಿ ಈ ಎರಡು ಕಥೆಗಳನ್ನು ಬೇರೆ ಬೇರೆ ಅಧ್ಯಾಯದಲ್ಲಿ ಹೇಳುತ್ತಾರೆ. ನನಗೆ ಒಟ್ಟಿಗೆ ಇಟ್ಟು ನೋಡಬೇಕು ಅನಿಸುತ್ತದೆ. ಕ್ಯಾಂಬುಲೇ ಡೋಲನ್ನು ಅಡಗಿಸಿದ ಅದೇ 1884ರ ಅಕ್ಟೋಬರಿನಲ್ಲಿ ಮೊಹರಂ ಬಂತು. ಅಲ್ಲಿ ಅದಕ್ಕೆ ‘ಹೋಸೇ’ ಅಂತಾರೆ, ‘ಹುಸೇನ್’ ಅನ್ನುವ ಕೂಗೇ ಹಾಗಾಗಿದೆ. ತಾಸೆ ಬಡಿಯುತ್ತ ತಾಬೂತು ಹೊತ್ತು ಹೋಗುವ ಮೆರವಣಿಗೆ. ನಮ್ಮ ಹಳ್ಳಿಗಳ ಹಾಗೆಯೇ ಹಿಂದೂಗಳೂ ಸೇರುತ್ತಿದ್ದರು. ಪೇಟೆಗೆ ಬರಕೂಡದು ಅಂತ ಸರ್ಕಾರ ಅಪ್ಪಣೆ ಮಾಡಿತ್ತು. ಬಂದರು. ಸಾನ್ ಫರ್ನಾಂಡೊ ಊರಿನ ಬಾಗಿಲಲ್ಲಿ ಗುಂಡು ಹಾರಿತು, ಕನಿಷ್ಠ 16 ಮಂದಿ ಸತ್ತರು. ಒಂದೇ ವರ್ಷ, ಒಂದೇ ಸರ್ಕಾರ, ಎರಡು ಜನಗಳ ಎರಡು ಡೋಲು. ತಾಸೆ ಈಗಲೂ ಇದೆ. ಹೋಸೇಯಲ್ಲಿದೆ, ಮದುವೆಯಲ್ಲಿದೆ, ಕಾರ್ನಿವಲ್ಲಿನಲ್ಲೂ ಇದೆ.

1937ರಲ್ಲಿ ಎಣ್ಣೆ ಬಾವಿಗಳ ಕೂಲಿಗಳು ಮುಷ್ಕರ ಹೂಡಿದರು. ಮುಂದಾಳು ಗ್ರೆನಡಾದಿಂದ ಬಂದ ಟ್ಯೂಬಲ್ ಯುರಾಯಾ ಬಟ್ಲರ್. ಜೂನ್ 19ರಂದು ಅವರನ್ನು ಹಿಡಿಯಲು ಪೊಲೀಸರು ಹೋದ ಊರು ಯಾವುದು? ಫೈಜಾಬಾದ್! ಗಲಭೆಯಾದ ಮೇಲೆ ಎಣ್ಣೆಯವರ ಸಂಘಕ್ಕೂ ಕಬ್ಬಿನವರ ಸಂಘಕ್ಕೂ ಅಧ್ಯಕ್ಷರಾದವರು ಒಬ್ಬರೇ, ಏಡ್ರಿಯನ್ ಕೋಲಾ ರಿಯೆಂಜಿ ಅನ್ನುವ ವಕೀಲರು. ಹುಟ್ಟು ಹೆಸರು ಕೃಷ್ಣ ದೇವನಾರಾಯಣ. ಎಣ್ಣೆ ಅಂದರೆ ಆಫ್ರಿಕ ಮೂಲ, ಕಬ್ಬು ಅಂದರೆ ಭಾರತ ಮೂಲ ಅಂತ ಹೆಚ್ಚುಕಡಿಮೆ ಗೆರೆ ಎಳೆದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸ್ವಾತಂತ್ರ್ಯದ ಮೇಲೆ, ಅಂದರೆ 1962ರ ಆಗಸ್ಟ್ 31ರ ಮೇಲೆ, ಪಕ್ಷಗಳು ಮತ್ತೆ ಬಹುಮಟ್ಟಿಗೆ ಅದೇ ಗೆರೆಯ ಮೇಲೆ ನಿಂತವು. ಭಾರತ ಮೂಲದ ಮೊದಲ ಪ್ರಧಾನಿ ಬಾಸುದೇವ ಪಾಂಡೆ, 1995ರಲ್ಲಿ. ಕಮಲಾ ಪರ್ಸಾದ್ ಬಿಸೇಸರ್ 2010ರಲ್ಲಿ ಪ್ರಧಾನಿಯಾದರು, 2025ರಲ್ಲಿ ಮತ್ತೆ ಗೆದ್ದರು.

ವಾಟರ್‌ಲೂ ಅನ್ನುವ ಊರಿನ ಒಂದು ಗುಡಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಶಿವದಾಸ ಸಾಧು ಕಬ್ಬಿನ ಕೂಲಿ. 1947ರಲ್ಲಿ ಸಮುದ್ರದ ದಡದಲ್ಲಿ ಒಂದು ಪುಟ್ಟ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದ್ದು. ಗುಡಿ ಒಡೆಸಿದರು, ಸಾಧುವನ್ನು 14 ದಿನ ಜೈಲಿಗೆ ಹಾಕಿದರು. ಹೊರಗೆ ಬಂದ ಸಾಧು ಲೆಕ್ಕ ಹಾಕಿದರು: ನೆಲ ಕಂಪನಿಯದ್ದು, ಸಮುದ್ರ ಯಾರದ್ದು? ಸೈಕಲ್ಲಿಗೆ ಬಕೆಟ್ಟು ನೇತುಹಾಕಿ, ಇಳಿತದ ಹೊತ್ತಿನಲ್ಲಿ ಕಲ್ಲು ಸಿಮೆಂಟು ಸಾಗಿಸಿ, ಬಿಡುವಾದಾಗಲೆಲ್ಲ ವರ್ಷಗಟ್ಟಲೆ ದುಡಿದು ನೀರಿನ ನಡುವೆ ಗುಡಿ ಎಬ್ಬಿಸಿದರು. ಸಮುದ್ರ ಅದನ್ನೂ ಸಾಕಷ್ಟು ತಿಂದಿತು. 1990ರ ದಶಕದಲ್ಲಿ ಸರ್ಕಾರವೇ ಮುಂದೆ ನಿಂತು ಮತ್ತೆ ಕಟ್ಟಿಸಿತು. ಈಗ ಪ್ರವಾಸಿಗಳಿಗೆ ತೋರಿಸುವ ಜಾಗ ಅದು.

ಸಕ್ಕರೆ ಕಂಪನಿಯೇ ಈಗಿಲ್ಲ. ಸರ್ಕಾರ ಕೊಂಡು ನಡೆಸುತ್ತಿದ್ದ ಕರೋನಿ ಕಂಪನಿಯನ್ನು 2003ರಲ್ಲಿ ಮುಚ್ಚಿದರು. ಸಾವಿರಾರು ಕುಟುಂಬಗಳು ಒಂದೇ ಸಲ ಗದ್ದೆಯಿಂದ ಹೊರಬಿದ್ದವು. ಎರಡು ಜನಾಂಗಗಳನ್ನು ಸಮುದ್ರ ದಾಟಿಸಿ ತಂದ ಬೆಳೆ ಅಷ್ಟಕ್ಕೇ ಮುಗಿಯಿತು. ಎಣ್ಣೆಯದೂ ಅದೇ ದಾರಿ. 2018ರಲ್ಲಿ ಪ್ವಾಂಟ್-ಆ-ಪಿಯೇರ್ ರಿಫೈನರಿಯ ಒಲೆ ಆರಿತು. ನಡೆಸುತ್ತಿದ್ದ ಸರ್ಕಾರಿ ಕಂಪನಿ ಪೆಟ್ರೋಟ್ರಿನ್. ಅದರ ದುಡ್ಡಿನಲ್ಲಿದ್ದ ‘ಪೆಟ್ರೋಟ್ರಿನ್ ಫೇಸ್ ಟು ಪ್ಯಾನ್ ಗ್ರೂವ್’ ಅನ್ನುವ ಹೆಸರಾಂತ ತಂಡದ ಹೆಸರಿನ ಮೊದಲ ತುಂಡೂ ಬಿದ್ದುಹೋಗಿ, ಬೇರೆ ಕಂಪನಿಯ ಹೆಸರು ಬಂತು. ಆರ್ಥಿಕತೆ ಪಾಠ ಎಲ್ಲಿ ಮುಗಿಯಿತು, ಸಂಸ್ಕೃತಿ ಪಾಠ ಎಲ್ಲಿ ಶುರುವಾಯಿತು, ನೀವೇ ಹೇಳಿ.

ಈಗ ದೇಶ ನಿಂತಿರುವುದು ಅನಿಲದ ಮೇಲೆ. ಪಾಯಿಂಟ್ ಫೋರ್ಟಿನ್‌ನಲ್ಲಿ ಅನಿಲವನ್ನು ತಣಿಸಿ ದ್ರವ ಮಾಡಿ ಹಡಗಿಗೆ ತುಂಬುತ್ತಾರೆ, 1999ರಿಂದ. ಪಾಯಿಂಟ್ ಲೀಸಾಸ್‌ನಲ್ಲಿ ಅದನ್ನೇ ಅಮೋನಿಯಾ, ಮೆಥನಾಲ್ ಮಾಡುತ್ತಾರೆ. ಇಷ್ಟು ಚಿಕ್ಕ ದೇಶ ಈ ಎರಡರ ರಫ್ತಿನಲ್ಲಿ ಜಗತ್ತಿನ ಮುಂಚೂಣಿಗೆ ಬಂದದ್ದು ಹೀಗೆ. ಹಾಗಾಗಿ ಇವರು ಪ್ರವಾಸಿಗಳನ್ನು ನೆಚ್ಚಿಕೊಂಡು ಬದುಕುವ ಕೆರಿಬಿಯನ್ ದೇಶ ಅಲ್ಲ. ಆದರೆ 2010ರ ಸುಮಾರಿನಿಂದ ಬಾವಿಗಳ ಅನಿಲ ಇಳಿಯುತ್ತಿದೆ, ಸ್ಥಾವರಗಳು ಅರೆಹೊಟ್ಟೆಯಲ್ಲಿ ಓಡುತ್ತಿವೆ. ಪಕ್ಕದಲ್ಲೇ, ವೆನೆಜುವೆಲಾದ ನೀರಿನಲ್ಲಿ, ಡ್ರ್ಯಾಗನ್ ಅನ್ನುವ ದೊಡ್ಡ ನಿಕ್ಷೇಪ ಇದೆ. ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ವೆನೆಜುವೆಲಾದ ಮೇಲೆ ಅಮೆರಿಕದ ನಿರ್ಬಂಧ. 2023ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು, 2025ರ ಏಪ್ರಿಲ್‌ನಲ್ಲಿ ಹಿಂದಕ್ಕೆ ತೆಗೆದುಕೊಂಡಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಕೊಟ್ಟಿತು. ಬೀದಿಯಲ್ಲಿ ಬಂದೂಕಿನ ಗುಂಪುಗಳ ಕಾಟ ಬೇರೆ. 2024ರ ಡಿಸೆಂಬರ್ ಕೊನೆಗೆ ತುರ್ತು ಪರಿಸ್ಥಿತಿ ಹೇರುವ ಮಟ್ಟಕ್ಕೆ ಹೋಯಿತು. ಕಾರ್ನಿವಲ್ ಮಾತ್ರ ಬಿಡಲಿಲ್ಲ.

ಟೊಬೇಗೊಗೆ ನಾನು ಅನ್ಯಾಯ ಮಾಡುತ್ತಿದ್ದೇನೆ. ಟೊಬೇಗೊದವರು ಟ್ರಿನಿಡಾಡಿನವರ ಮೇಲೆ ಹೇಳುವ ದೂರೂ ಅದೇ. ಒಂದೇ ಒಂದು ಸಂಗತಿ: ದ್ವೀಪದ ಬೆನ್ನೆಲುಬಿನ ಹಾಗಿರುವ ಮೇನ್ ರಿಜ್ ಕಾಡನ್ನು 1776ರಲ್ಲೇ ಕಾನೂನು ಮಾಡಿ ಕಾಪಾಡಿದರು. ಮರ ಇದ್ದರೆ ಮಳೆ ಬರುತ್ತದೆ, ಮಳೆ ಬಂದರೆ ಕಬ್ಬು ಬೆಳೆಯುತ್ತದೆ ಅನ್ನುವ ಲೆಕ್ಕ. ತೋಟದ ಲಾಭಕ್ಕೇ ಉಳಿಸಿದ್ದು. ಉಳಿದದ್ದು ಮಾತ್ರ ಕಾಡು.

ಕ್ರಿಕೆಟ್ ಹೇಳದಿದ್ದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್, ವೆಸ್ಟ್ ಇಂಡೀಸ್ ಎದುರು ನಮ್ಮ ಟೆಸ್ಟ್. ಮೊದಲ ಇನ್ನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್ 6 ವಿಕೆಟ್. ಕೊನೆಗೆ ಗೆಲ್ಲಲು 403. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಮೊಹಿಂದರ್ 85, ಬ್ರಿಜೇಶ್ ಪಟೇಲ್ ಔಟಾಗದೆ 49. ಎದುರಿಗೆ ಬೌಲಿಂಗ್ ಮಾಡಿದ ಮೂವರು ಸ್ಪಿನ್ನರುಗಳಲ್ಲಿ ಇಬ್ಬರು, ಜುಮಾದೀನ್ ಮತ್ತು ಇಮ್ತಿಯಾಜ್ ಅಲಿ, ಟ್ರಿನಿಡಾಡಿನವರೇ, ಹಡಗಿನಲ್ಲಿ ಬಂದವರ ಮೊಮ್ಮಕ್ಕಳ ಪೈಕಿ. ಸ್ಪಿನ್ ನಂಬಿ ಕೆಟ್ಟೆವು ಅಂತ ಅವರ ನಾಯಕ ಕ್ಲೈವ್ ಲಾಯ್ಡ್ ಆಮೇಲೆ ನಾಲ್ಕು ವೇಗದ ಬೌಲರುಗಳ ದಾರಿ ಹಿಡಿದರು. ಜಗತ್ತು ಮುಂದೆ ಹತ್ತಾರು ವರ್ಷ ತಿಂದ ಪೆಟ್ಟಿನಲ್ಲಿ ಭದ್ರಾವತಿಯ ವಿಶ್ವನಾಥರ ಪಾಲೂ ಇದೆ!

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಪ್ಯಾನ್ ಹೇಗೆ ಮಾಡುತ್ತಾರೆ ಅಂತ ಒಬ್ಬ ಹುಡುಗಿ ಕೇಳಿದಳು.)

ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಣಲೆಯ ಹಾಗೆ ತಗ್ಗು ಮಾಡುತ್ತಾರೆ. ಅದರೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಜಾಗ ಗುರುತು ಹಾಕಿ, ಅಷ್ಟನ್ನು ಮತ್ತೆ ಉಬ್ಬಿಸುತ್ತಾರೆ. ದೊಡ್ಡ ಉಬ್ಬಿಗೆ ಮಂದ್ರ, ಚಿಕ್ಕದಕ್ಕೆ ತಾರ. ಡ್ರಮ್ಮಿನ ಪಕ್ಕವನ್ನು ಬೇಕಾದ ಎತ್ತರಕ್ಕೆ ಕತ್ತರಿಸಿ, ಬೆಂಕಿಯಲ್ಲಿ ಕಾಯಿಸಿ, ಆಮೇಲೆ ಶ್ರುತಿ ಮಾಡುತ್ತಾರೆ. ಈ ಶ್ರುತಿ ಮಾಡುವುದೇ ಕಷ್ಟ. ಒಂದು ಸ್ವರ ಸರಿಮಾಡಲು ಹೋದರೆ ಪಕ್ಕದ್ದು ಕೆಡುತ್ತದೆ, ಒಂದೇ ತಗಡು ನೋಡಿ. ಬಾರಿಸುವುದು ರಬ್ಬರು ಸುತ್ತಿದ ಕಡ್ಡಿಯಲ್ಲಿ. ಪನೋರಮಾ ಅನ್ನುವ ಸ್ಪರ್ಧೆಯಲ್ಲಿ ಒಂದೊಂದು ದೊಡ್ಡ ತಂಡಕ್ಕೆ ನೂರಕ್ಕೂ ಹೆಚ್ಚು ಜನ. ಎಷ್ಟೋ ಮಂದಿ ಎದುರಿಗೆ ಸ್ವರಲಿಪಿ ಇಟ್ಟುಕೊಳ್ಳದೆ ಕಿವಿಯಲ್ಲೇ ಕಲಿತವರು. ಇನ್ನೊಂದು ವಿಷಯ: ದೇಶದ ಲಾಂಛನದಲ್ಲಿ ಇಷ್ಟು ವರ್ಷ ಕೊಲಂಬಸನ ಮೂರು ಹಡಗು ಇದ್ದವು. ಅವನ್ನು ತೆಗೆದು ಪ್ಯಾನ್ ಹಾಕುತ್ತೇವೆ ಅಂತ 2024ರಲ್ಲಿ ಸರ್ಕಾರ ಪ್ರಕಟಿಸಿತು.

(ಅಲ್ಲಿನವರು ಈಗಲೂ ಹಿಂದಿ ಮಾತಾಡುತ್ತಾರಾ, ಊಟ ನಮ್ಮದರ ಹಾಗೆಯಾ ಅಂತ ಇನ್ನೊಬ್ಬರು.)

ಮಾತು ಹೋಗಿದೆ, ಅಡುಗೆಮನೆ ಉಳಿದಿದೆ. ಮನೆಮಾತು ಇಂಗ್ಲಿಷಿನ ಅವರದೇ ಒಂದು ರೂಪ. ಆದರೆ ಆಜಿ, ನಾನಿ, ತವಾ, ಬೈಗನ್, ಚನ್ನಾ ಎಲ್ಲ ಇವೆ. ಕೆಸುವಿನೆಲೆಗೆ ಬೇಳೆಹಿಟ್ಟು ಮೆತ್ತಿ ಸುರುಳಿ ಸುತ್ತಿ ಕರಿಯುವ ‘ಸಹೀನಾ’ ಇದೆ. ಕರಾವಳಿಯವರು ನೋಡಿದರೆ ಪತ್ರೊಡೆಯ ದೂರದ ನೆಂಟ ಅನ್ನುತ್ತೀರಿ. ಅದೇ ಕೆಸುವಿನೆಲೆಗೆ ಬೆಂಡೆಕಾಯಿ, ತೆಂಗಿನಹಾಲು, ಏಡಿ ಹಾಕಿ ಕುದಿಸಿದರೆ ‘ಕಲಲೂ’, ಅದು ಆಫ್ರಿಕ ಮೂಲದ ಅಡುಗೆ. ಭಾನುವಾರ ಎಲ್ಲರ ಮನೆಯಲ್ಲೂ ಆಗುತ್ತದೆ. ಎಲ್ಲಕ್ಕಿಂತ ಹೆಸರಾದದ್ದು ‘ಡಬಲ್ಸ್’. ಕರಿದ ಮೆತ್ತನೆಯ ‘ಬಾರಾ’ದ ಮೇಲೆ ಕಡಲೆ ಪಲ್ಯ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್‌ನಲ್ಲಿ ಮಾಮೂಲ್ ದೀನ್ ಅನ್ನುವವರು ಶುರು ಮಾಡಿದ್ದು. ಮೊದಲು ಒಂದೇ ಬಾರಾ ಇತ್ತು, ಗಿರಾಕಿಗಳು ಡಬಲ್ ಮಾಡು ಅಂದರು, ಹೆಸರು ಹಾಗೇ ನಿಂತಿತು. ಬೆಳಿಗ್ಗೆ ಆಫೀಸಿಗೆ ಹೋಗುವವನೂ ತಿನ್ನುತ್ತಾನೆ, ರಾತ್ರಿ ಪ್ಯಾನ್ ಅಭ್ಯಾಸ ಕೇಳಲು ಬಂದವನೂ ತಿನ್ನುತ್ತಾನೆ. ಮಾರುವವರು ಕೇಳುವುದು ಒಂದೇ ಪ್ರಶ್ನೆ, ಮೆಣಸು ಎಷ್ಟು ಅಂತ. ಅಲ್ಲಿನ ಮೆಣಸು ನಮ್ಮ ಬ್ಯಾಡಗಿಯ ಹಾಗೆ ಬಣ್ಣಕ್ಕೆ ಹಾಕುವುದಲ್ಲ. ಮೊದಲ ಸಲ ಹೋಗುವವರು ‘ಸ್ಲೈಟ್’ ಅಂದುಬಿಡಿ.